ಹುಚ್ಚಮ್ಮನ ಹೆಸರು

ಆ ಭಾನುವಾರ ಬೆಳಿಗ್ಗೆ ಏಳುವಾಗಲೇ ಆರೋಗ್ಯಮ್ಮನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅನ್ನುವುದು ಮಾತ್ರ ಹೊಳೆಯಲಿಲ್ಲ. ಹತ್ತದ ಒಲೆಯ ಮೇಲೆ ಸಿಟ್ಟಾದಳು, ಬಾವಿಯ ಹಗ್ಗದ ಮೇಲೆ ಸಿಟ್ಟಾದಳು, ನೆರಿಗೆ ನಿಲ್ಲದ ಬಿಳಿ ಸೀರೆಗೆ ಎರಡು ಮಾತು ಬೈದಳು. ಶಿಕಾರಿಪುರಕ್ಕೆ ಸರ್ಕಾರದ ಹೆರಿಗೆ ನರ್ಸಾಗಿ ಬಂದು ಆರು ವರ್ಷವಾಗುತ್ತ ಬಂದಿತ್ತು. ಹೆಸರೇ ಆರೋಗ್ಯಮ್ಮ ಎಂದಿದ್ದರಿಂದ ಊರಿನವರು ಅದನ್ನು ಸರ್ಕಾರ ಕೊಟ್ಟ ಹುದ್ದೆ ಎಂದೇ ತಿಳಿದಿದ್ದರು. 'ಹಿಂದಿನ ಆರೋಗ್ಯಮ್ಮ ಯಾವೂರಿಗೆ ವರ್ಗ ಆದ್ಲು?' ಎಂದು ಕೇಳಿದವರೂ ಇದ್ದರು. ಅದು ನಮ್ಮ ದೇವಮಾತೆ ಆರೋಗ್ಯಮಾತೆಯ ಹೆಸರು, ನಮ್ಮವ್ವ ಹರಕೆ ಹೊತ್ತು ಇಟ್ಟದ್ದು ಎಂದು ಬಿಡಿಸಿ ಹೇಳಿದರೆ, 'ಹಂಗಾದ್ರೆ ನಿಮ್ಮ ಸ್ವಂತ ಹೆಸರೇನ್ರೀ?' ಎನ್ನುತ್ತಿದ್ದರು. ಇದನ್ನು ನೆನೆದರೆ ಎಂಥ ಹೊತ್ತಿನಲ್ಲೂ ನಗು ಬರುತ್ತಿತ್ತು. ಇವತ್ತು ಬರಲಿಲ್ಲ. ನಿನ್ನೆ ಸಾಯಂಕಾಲ ಪುರಸಭೆ ಸದಸ್ಯರ ಹೆಂಡತಿ ಅಕ್ಕನಾಗಮ್ಮನವರ ಬೀದಿಯಲ್ಲಿ ಒಬ್ಬ ಬಾಣಂತಿಯನ್ನು ನೋಡಿಕೊಂಡು ಬರುವಾಗ ಅವರ ಮನೆಯ ಜಗಲಿಯ ಮೇಲೆ ಮಕ್ಕಳು ಆಡುತ್ತಿದ್ದವು. ಅಕ್ಕನಾಗಮ್ಮನವರ ಮೊಮ್ಮಗಳು, ಐದು ವರ್ಷದ ಸರ್ವಮಂಗಳ, ತಲೆಯ ಮೇಲೆ ಗೋಣಿಚೀಲ ಕವುಚಿಕೊಂಡು, ಸೊಂಟ ಬಗ್ಗಿಸಿ, ಕೈಯಲ್ಲಿ ತಗಡಿನ ಮುಚ್ಚಳ ಹಿಡಿದು, 'ನಾನು ಹುಚ್ಚಮ್ಮ ಬಂದೆ, ಕಾಲು ಕೊಡ್ರೋ ಸುಡ್ತೀನಿ' ಎಂದು ಗೊಗ್ಗರು ದನಿಯಲ್ಲಿ ಕೂಗುತ್ತಿತ್ತು. ಉಳಿದ ಮಕ್ಕಳು ಕಿಟಾರನೆ ಕಿರುಚಿ ಕಂಬ ಸುತ್ತುತ್ತಿದ್ದವು. ಇವಳನ್ನು ಕಂಡದ್ದೇ ಹುಡುಗಿ ಗೋಣಿ ಎಸೆದು ಓಡಿಬಂದು ಹಿಮ್ಮಡಿ ಎತ್ತಿ ತೋರಿಸಿತು. ಅಲ್ಲಿ ವೀಳ್ಯದೆಲೆಯ ತುದಿಯಷ್ಟು ನುಣ್ಣಗಿನ ಕಲೆ. 'ನೋಡ್ರಿ ನರ್ಸಮ್ಮ, ಹುಚ್ಚಮ್ಮ ಸುಟ್ಟಿದ್ದು. ನೀವು ಬಂದು ಬಿಡಿಸಿಕೊಂಡ್ರಂತೆ ಹೌದಾ? ಅಜ್ಜಿ ಹೇಳ್ತು.' ಆರೋಗ್ಯಮ್ಮ ನಕ್ಕಿದ್ದಳು. ನಕ್ಕದ್ದೇ ಅಲ್ಲದೆ ಹುಡುಗಿಯ ಕೆನ್ನೆ ಚಿವುಟಿ, 'ಹೌದು ಪುಟ್ಟ' ಎಂದಿದ್ದಳು. ಆ 'ಹೌದು' ಇಡೀ ರಾತ್ರಿ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಉಳಿದುಬಿಟ್ಟಿತ್ತು.

ಸಿಟ್ಟು ತನ್ನ ಮೇಲೆಯೇ ಎಂಬುದು ಅವಳಿಗೆ ಗೊತ್ತಾದದ್ದು ರಸ್ತೆ ಕೆಲಸದ ಮೇಸ್ತ್ರಿ ಇನ್ನಾಸಪ್ಪನ ಮನೆಯ ಹಿಂದಿನ ಕೋಣೆಯಲ್ಲಿ, ಸಾಲಿನಲ್ಲಿ ನಿಂತಾಗ. ಊರಿನಲ್ಲಿ ಇಗರ್ಜಿ ಇರಲಿಲ್ಲ. ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಫಾದರ್ ಪಾಯ್ಸ್ ಬಂದು ಆ ಕೋಣೆಯಲ್ಲೇ ಪೂಜೆ ಮಾಡುತ್ತಿದ್ದರು. ಮೇಸ್ತ್ರಿಯ ಮನೆಯವರು, ಒಬ್ಬ ಪೊಲೀಸಿನವನ ಸಂಸಾರ, ಇವಳು, ಎಲ್ಲ ಸೇರಿ ಹನ್ನೆರಡು ಜನ. ಪೂಜೆಗೆ ಮೊದಲು ಪಾಪನಿವೇದನೆ. ಅದಕ್ಕೆ ಮೂಲೆಯಲ್ಲಿ ಒಂದು ಕುರ್ಚಿ, ಕುರ್ಚಿಗೂ ಮೊಣಕಾಲೂರುವವರಿಗೂ ನಡುವೆ ಹಗ್ಗದ ಮೇಲೆ ಇಳಿಬಿಟ್ಟ ಒಂದು ಟವಲು. ಐದು ವರ್ಷದಿಂದ ಆರೋಗ್ಯಮ್ಮ ಆ ಟವಲಿಗೆ ಮುಖ ಕೊಟ್ಟು ಒಂದೇ ಪಾಠ ಒಪ್ಪಿಸುತ್ತಿದ್ದಳು: ಕೋಪ ಮಾಡಿಕೊಂಡೆ ಸ್ವಾಮಿ, ಸೋಮಾರಿತನ ಮಾಡಿದೆ, ಸುಳ್ಳು ಹೇಳಿದೆ, ಶುಕ್ರವಾರವೆಂಬುದನ್ನು ಮರೆತು ಮಾಂಸ ತಿಂದೆ. ಆ 'ಸುಳ್ಳು ಹೇಳಿದೆ'ಯನ್ನು ಸೋಮಾರಿತನಕ್ಕೂ ಶುಕ್ರವಾರಕ್ಕೂ ನಡುವೆ, ಅಕ್ಕಿಯಲ್ಲಿ ಕಲ್ಲು ಸೇರಿಸಿದ ಹಾಗೆ ಸೇರಿಸಿಬಿಡುತ್ತಿದ್ದಳು. ಯಾವ ಸುಳ್ಳು, ಯಾರಿಗೆ, ಎಂದು ಫಾದರ್ ಕೇಳಿರಲಿಲ್ಲ. ಕೇಳಲಿಲ್ಲವಲ್ಲ ಎಂದು ಒಮ್ಮೆ ನಿರಾಳ, ಒಮ್ಮೆ ಅವರ ಮೇಲೇ ಅಸಮಾಧಾನ. ಇವತ್ತು ಮೊಣಕಾಲೂರಿದಾಗ ಕೋಪ, ಸೋಮಾರಿತನ ಯಾವುದೂ ಬಾಯಿಗೆ ಬರಲಿಲ್ಲ. 'ಒಬ್ಬ ಮುದುಕಿಯ ಹೆಸರು ಕೆಡಿಸಿದೆ ಸ್ವಾಮಿ' ಎಂದು ಪಿಸುಗುಟ್ಟಿದಳು.

ಫಾದರ್ ಪಾಯ್ಸರಿಗೆ ಎಡಗಿವಿ ಮಂದ; ಅವತ್ತು ಟವಲಿನ ಕಡೆಗಿದ್ದದ್ದು ಅದೇ. 'ಏನು ಕೆಡಿಸಿದ್ದು?' ಎಂದರು.

'ಹೆಸರು ಸ್ವಾಮಿ.'

'ಮೊಸರಾ? ಮೊಸರು ಕೆಟ್ಟರೆ ಅದು ಪಾಪ ಅಲ್ಲ ಮಗಳೇ. ಈಗ ಸೆಕೆ ಉಂಟಲ್ಲ.'

'ಹೆಸರು ಸ್ವಾಮಿ! ಹೆ-ಸ-ರು!'

ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಪೊಲೀಸಿನವನ ಹೆಂಡತಿಯೇ ಇರಬೇಕು. ಆರೋಗ್ಯಮ್ಮನ ಕಿವಿ ಬಿಸಿಯಾದವು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಒಮ್ಮೆ ಕೂಗಿಯಾದ ಮೇಲೆ ಇನ್ನು ಮುಚ್ಚಿಡುವುದಕ್ಕೆ ಏನುಳಿಯಿತು ಎಂಬ ಒಂದು ವಿಚಿತ್ರ ಧೈರ್ಯವೂ ಬಂತು. ಫಾದರ್ ಕುರ್ಚಿ ತಿರುಗಿಸಿಕೊಂಡು ಬಲಗಿವಿ ಕೊಟ್ಟರು. ಅವಳು ಹೇಳುತ್ತ ಹೋದಳು. ಐದು ವರ್ಷದ ಹಿಂದಿನ ಪುಷ್ಯದ ಚಳಿಯ ಬೆಳಗು, ಅಕ್ಕನಾಗಮ್ಮನವರ ಮನೆಯ ಒಳಕೋಣೆ, ಸೊಸೆ ನೀಲಾಂಬಿಕೆಗೆ ಎಂಟನೆಯ ತಿಂಗಳಿಗೇ ನೋವು. ಅಕ್ಕನಾಗಮ್ಮನವರು ತಮ್ಮ ಮೂರು ಹೆರಿಗೆ ಮಾಡಿಸಿದ ಸೂಲಗಿತ್ತಿ ಹುಚ್ಚಮ್ಮನೇ ಬರಬೇಕೆಂದರು. ಅವರ ಯಜಮಾನರು ಮಹೇಶ್ವರಪ್ಪನವರು ಸರ್ಕಾರದ ನರ್ಸೇ ಬರಬೇಕೆಂದರು. ಕೊನೆಗೆ ಇಬ್ಬರೂ ಬಂದರು. ಮಗು ಅಂಗೈಯಷ್ಟಿತ್ತು, ನೇರಳೆ ಬಣ್ಣಕ್ಕೆ ತಿರುಗಿ ತಣ್ಣಗಿತ್ತು. ಟ್ರೈನಿಂಗಿನಲ್ಲಿ ಕಲಿಸಿದ್ದರಲ್ಲ, ಸೀಸೆಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಕಾಲ ಬಳಿ ಇಟ್ಟಳು. ಮಗುವಿನ ಎದೆ ತಿಕ್ಕುವುದರಲ್ಲೇ ಮುಳುಗಿದ್ದಳು. ಬಟ್ಟೆ ಯಾವಾಗ ಸರಿಯಿತೋ ತಿಳಿಯಲಿಲ್ಲ. ಮಗು ಅತ್ತದ್ದು ಕೇಳಿ ಎಲ್ಲರೂ ಹಿಗ್ಗಿ ನೋಡಿದರೆ ಹಿಮ್ಮಡಿಯ ಮೇಲೆ ಬೊಬ್ಬೆ. 'ಅಯ್ಯೋ ಶಿವನೇ, ಯಾರು ಸುಟ್ಟಿದ್ದು?' ಎಂದು ಅಕ್ಕನಾಗಮ್ಮನವರು ಕೂಗಿದರು. ಮೂಲೆಯಲ್ಲಿ ಹುಚ್ಚಮ್ಮ ಬಾಣಂತಿಯ ಶಾಖಕ್ಕೆಂದು ಕೆಂಡದ ಅಗ್ಗಿಷ್ಟಿಕೆ ಊದುತ್ತಿದ್ದಳು. ಆರೋಗ್ಯಮ್ಮನ ಕಾಲು ಸೀಸೆಯನ್ನು ಮಂಚದ ಕೆಳಕ್ಕೆ ನೂಕಿತು. ಬಾಯಿ, 'ಕೆಂಡ ಹತ್ತಿರ ಇಟ್ಟರೆ ಎಳೇ ಚರ್ಮ ತಡೀತದಾ' ಎಂದಿತು. ಅಷ್ಟೆ. ಹುಚ್ಚಮ್ಮ ತಲೆಯೆತ್ತಿ ಅವಳನ್ನು ನೋಡಿದಳು, ಮಂಚದ ಕೆಳಗೆ ನೋಡಿದಳು, ಅಗ್ಗಿಷ್ಟಿಕೆ ಎತ್ತಿಕೊಂಡು ಹೊರಟುಹೋದಳು. ಆಮೇಲೆ ಅವಳನ್ನು ಆ ಊರಿನಲ್ಲಿ ಯಾರೂ ಹೆರಿಗೆಗೆ ಕರೆಯಲಿಲ್ಲ.

'ಮುದುಕಿ ಇದ್ದಾಳಾ?' ಎಂದು ಫಾದರ್ ಕೇಳಿದರು.

'ಇದ್ದಾಳೆ ಸ್ವಾಮಿ. ಸೊರಬದಲ್ಲಿ ಮಗಳ ಮನೆ ಸೇರಿಕೊಂಡಿದ್ದಾಳಂತೆ.'

'ಸೊರಬಕ್ಕೆ ಬಸ್ಸು ಉಂಟಾ?'

'ಹತ್ತೂವರೆಗೆ ಒಂದು.'

'ಮತ್ತೆ?' ಎಂದರು ಫಾದರ್. 'ನೋಡು ಮಗಳೇ, ನೀನು ಬಾಯಿ ಬಿಡುವ ಮೊದಲೇ ದೇವರು ಬಾಗಿಲು ತೆಗೆದಿಟ್ಟಾಗಿದೆ. ಅವನ ಕ್ಷಮೆಗೆ ನೀನು ಐದು ವರ್ಷ ಹೊರಗೆ ನಿಲ್ಲಬೇಕಾಗಿರಲಿಲ್ಲ. ಆದರೆ ಮುದುಕಿಯ ಹೆಸರು ನನ್ನ ಹತ್ತಿರ ಇಲ್ಲ, ಕೊಡುವುದಕ್ಕೆ. ಅದು ನಿನ್ನ ಹತ್ತಿರ ಉಂಟು. ನೀನೇ ಕೊಡಬೇಕು' ಎಂದರು. ಲತೀನಿನಲ್ಲಿ ಪಾಪವಿಮೋಚನೆಯ ಮಾತು ಹೇಳಿ ಶಿಲುಬೆಯ ಗುರುತು ಮಾಡಿದರು. ಪ್ರಾಯಶ್ಚಿತ್ತಕ್ಕೆ ಐದು ಪರಲೋಕ ಮಂತ್ರ, ಎಂದರೆ ಐದು ಸಲ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆ. 'ಅದು ಸಂಜೆಗೆ ಆಗ್ತದೆ. ಮೊದಲು ಬಸ್ಸು ಹಿಡಿ.'

ಪೂಜೆ ಮುಗಿಸಿ ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿದಳು. ದೇವರು ಕ್ಷಮಿಸಿದ್ದಾನೆ ಎಂಬುದು ಮೈಯಲ್ಲಿ ಒಂದು ಹಗುರವಾಗಿ ತಿಳಿಯುತ್ತಿತ್ತು. ಆದರೂ ಬಸ್ಸು ನಿಧಾನವಾಗಿ ಹೋದರೆ ಸಾಕೆನ್ನಿಸುತ್ತಿತ್ತು. 'ಏನ್ ನರ್ಸಮ್ಮಾರೇ, ಸೊರಬದಾಗೆ ಯಾರಿಗೆ ಹೆರಿಗೆ?' ಎಂದ ಕಂಡಕ್ಟರ್ ಬಂಗಾರಪ್ಪ. 'ನನಗೇ' ಅನ್ನಬೇಕೆನ್ನಿಸಿ ತುಟಿ ಕಚ್ಚಿದಳು. ಶಿರಾಳಕೊಪ್ಪದವರೆಗೂ ಅವಳು ತನ್ನ ಕಡೆಯ ವಕೀಲಳಾಗಿದ್ದಳು. ನಾನು ಹುಚ್ಚಮ್ಮ ಸುಟ್ಟಳು ಅಂತ ಎಲ್ಲಿ ಹೇಳಿದೆ? ಕೆಂಡ ಹತ್ತಿರ ಇಟ್ಟರೆ ಎಳೇ ಚರ್ಮ ತಡೆಯದು, ಇದು ಯಾರನ್ನು ಕೇಳಿದರೂ ನಿಜ. ನಿಜ ಹೇಳಿದ್ದು ಸುಳ್ಳು ಹೇಗಾಗುತ್ತದೆ? ಆದರೆ ಸೀಸೆ ನೂಕಿದ ಕಾಲು? ಕಾಲಿಗೆ ಮಾತು ಬರುವುದಿಲ್ಲ. ಆದರೂ ಅವತ್ತು ಅತಿ ದೊಡ್ಡ ಸುಳ್ಳು ಹೇಳಿದ್ದು ಕಾಲೇ. ಅವಳು ಬಸ್ಸಿನ ನೆಲದ ಮೇಲಿದ್ದ ತನ್ನ ಬಲಗಾಲನ್ನು ನೋಡಿದಳು. ಚಪ್ಪಲಿಯ ಬಾರು ಸಡಿಲವಾಗಿದ್ದ, ಹೆಬ್ಬೆರಳು ಸ್ವಲ್ಪ ಸೊಟ್ಟಗಿದ್ದ, ಏನೂ ಅರಿಯದ ಕಾಲು. ಮಹೇಶ್ವರಪ್ಪನವರು ಪುರಸಭೆಯ ಸದಸ್ಯರು, ಮೇಲಿನವರಿಗೆ ಒಂದು ಅರ್ಜಿ ಬರೆದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಊರಲ್ಲಿರುವ ಅವ್ವನಿಗೆ ಏನೆಂದು ಹೇಳುವುದು? ಶಿರಾಳಕೊಪ್ಪ ದಾಟಿದ ಮೇಲೆ ಇನ್ನೊಂದು ಯೋಚನೆ ಕಳ್ಳ ಬೆಕ್ಕಿನ ಹಾಗೆ ಒಳಗೆ ಬಂತು: ಮುದುಕಿ ಮನೆಯಲ್ಲಿ ಇಲ್ಲದಿದ್ದರೆ? ವಯಸ್ಸಾಗಿದೆ, ಬಹುಶಃ ಹೋಗಿಯೇ ಬಿಟ್ಟಿದ್ದರೆ? ಯೋಚನೆ ಪೂರ್ತಿಯಾಗುವ ಮೊದಲೇ ಅವಳು 'ಏಸುವೇ' ಎಂದು ಗಟ್ಟಿಯಾಗಿ ಉದ್ಗರಿಸಿಬಿಟ್ಟಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, 'ಯಾಕ್ರೀ, ವಾಂತಿ ಬರ್ತದಾ?' ಎಂದು ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟಳು. ಪಾಪನಿವೇದನೆ ಮಾಡಿ ಎರಡು ಗಂಟೆ ಆಗಿಲ್ಲ, ಒಬ್ಬರ ಸಾವು ಬಯಸಿಯಾಯಿತು! ಆ ತನ್ನ ಬುದ್ಧಿಯ ಚುರುಕಿಗೆ ಅವಳಿಗೇ ನಗು ಬಂದುಬಿಟ್ಟಿತು. ಕಿಟಕಿಯಿಂದ ಬಂದ ಬಿಸಿಗಾಳಿಗೆ ಮುಖ ಕೊಟ್ಟು ಸದ್ದಿಲ್ಲದೆ ನಕ್ಕಳು.

ಹುಚ್ಚಮ್ಮ ಇದ್ದಳು. ದಂಡಾವತಿ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ, ಹಂಚಿನ ಸಣ್ಣ ಮನೆಯ ಅಂಗಳದಲ್ಲಿ, ಮಡಿಲ ತುಂಬ ಹುಣಸೆಹಣ್ಣು ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಮೊದಲಿಗಿಂತ ಸಣ್ಣಗಾಗಿದ್ದಳು. ತಲೆಯೆತ್ತಿ, ಕಣ್ಣಿಗೆ ಕೈ ಮರೆ ಮಾಡಿ ನೋಡಿ, ಆಶ್ಚರ್ಯವೇ ಇಲ್ಲದ ದನಿಯಲ್ಲಿ, 'ಬಂದ್ಯನೆ ನರ್ಸಮ್ಮ? ಕೂತ್ಕ. ಹುಣಸೆ ಮೇಲೆ ಕೂರ್ಬ್ಯಾಡ' ಎಂದಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಒಂದರ ಮೇಲೊಂದು ಬಿದ್ದು ಆರೋಗ್ಯಮ್ಮನ ಬಾಯಿಂದ ಹೊರಟದ್ದು ಇಷ್ಟೇ: 'ಅಜ್ಜೀ, ಅವತ್ತು ಸುಟ್ಟಿದ್ದು ನನ್ನ ಸೀಸೆ.'

'ಹೌದಲ' ಎಂದಳು ಹುಚ್ಚಮ್ಮ. ಒಂದು ಬೀಜ ತೆಗೆದು ಬುಟ್ಟಿಗೆ ಹಾಕಿದಳು. 'ಕೆಳಗಿಂದ ಹಬೆ ಆಡ್ತಾ ಇತ್ತು. ನಾ ಕಂಡಿದ್ದೆ.'

'ಕಂಡೂ ಯಾಕೆ ಹೇಳಲಿಲ್ಲ?'

'ಎಂತ ಹೇಳದು ಮಾರಾಯ್ತಿ? ಹೇಳಿದ್ರೆ ಆ ಅಮ್ಮ ನಿನ್ನ ಅಲ್ಲೇ ಆಚೆ ಹಾಕ್ತಿತ್ತು. ಎಂಟು ತಿಂಗಳ ಕೂಸು ನಾ ಏಳು ಕಂಡಿದ್ದೆ, ಏಳೂ ಉಳೀಲಿಲ್ಲ. ಇದು ನಿನ್ನ ಸೀಸೆ ಇಟ್ಟ ಮೇಲೆ ಅತ್ತಿತ್ತಲ. ಕಾಲು ಸುಟ್ರೂ ಜೀವ ಹಿಡ್ಕಂಡಿತ್ತು. ನಿನ್ನ ಕಳ್ಸಿ ಬಿಟ್ಟಿದ್ರೆ ಆ ಸೀಸೆ ವಿದ್ಯೆ ನಂಗೆಲ್ಲಿ ಬರ್ತಿತ್ತು? ಯಾರಾದ್ರೂ ಒಬ್ಬರು ಹೋಗಬೇಕಿತ್ತು. ನಾ ಹೋದೆ.' ಮತ್ತೊಂದು ಬೀಜ. 'ಮೂರು ದಿನ ಬಿಟ್ಟು ನೀನೇ ಹೇಳ್ತೆ ಅಂದ್ಕಂಡಿದ್ದೆ.'

ಆ ಕೊನೆಯ ಮಾತಿನಲ್ಲಿ ದೂರು ಇರಲಿಲ್ಲ, ಅದೇ ಕಷ್ಟವಾಗಿತ್ತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಐದು ವರ್ಷ ತಾನು ಹೊತ್ತು ತಿರುಗಿದ್ದು ತನ್ನ ಸುಳ್ಳನ್ನು ಮಾತ್ರ. ಅದರ ಆಚೆ ಬದಿಯಲ್ಲಿ ಮುದುಕಿಯ ಇಷ್ಟು ದೊಡ್ಡ ಮನಸ್ಸು ಇದ್ದೀತೆಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ಮುದುಕಿಯ ಎರಡೂ ಕೈ ಹಿಡಿದುಕೊಂಡಳು. ಹುಣಸೆಯ ಅಂಟಿಗೆ ನಾಲ್ಕು ಕೈಯೂ ಒಂದಕ್ಕೊಂದು ಮೆತ್ತಿಕೊಂಡವು. 'ತಪ್ಪಾಯ್ತು ಅಜ್ಜೀ' ಎಂದು ಅತ್ತಳು. ಹುಚ್ಚಮ್ಮ ಸ್ವಲ್ಪ ಹೊತ್ತು ಅಳಲು ಬಿಟ್ಟು, 'ಉಂಡ್ಯನೆ?' ಎಂದಳು. ಇಲ್ಲವೆಂದಾಗ ಒಳಗೆ ಕರೆದುಕೊಂಡು ಹೋಗಿ, ಒಲೆಯ ಪಕ್ಕದಲ್ಲೇ ಕೂರಿಸಿ, ಬಾಳೆಯೆಲೆಗೆ ಅನ್ನ, ಹುರುಳಿ ಸಾರು, ಒಂದು ಮಿಡಿಮಾವಿನ ಉಪ್ಪಿನಕಾಯಿ ಬಡಿಸಿದಳು. ನರ್ಸಮ್ಮನಿಗೆ ಜಗಲಿಯಲ್ಲೇ ಕಾಫಿ ಕೊಟ್ಟು ಲೋಟ ಬೇರೆ ಇಡುವ ಮನೆಗಳನ್ನು ಆರೋಗ್ಯಮ್ಮ ಲೆಕ್ಕವಿಲ್ಲದಷ್ಟು ಕಂಡಿದ್ದಳು. ಒಲೆಯ ಬೂದಿ ಕಾಣುವಷ್ಟು ಹತ್ತಿರ ಕೂತು ಉಂಡದ್ದು ಇದೇ ಮೊದಲು. ಎರಡು ಸಲ ಸಾರು ಹಾಕಿಸಿಕೊಂಡಳು.

ಉಂಡಾದ ಮೇಲೆ ಹುಚ್ಚಮ್ಮ, 'ನಂಗೆ ಹೇಳಿದ್ರೆ ಎಂತ ಬಂತು? ನಂಗೆ ಮೊದ್ಲೇ ಗೊತ್ತಿತ್ತಲ. ಗೊತ್ತಿಲ್ದವ್ರಿಗೆ ಹೇಳು' ಎಂದಳು. ಇನ್ನೊಂದು ದಿನ, ಸಮಯ ನೋಡಿ ಎಂದು ಆರೋಗ್ಯಮ್ಮ ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಗಳುವಿನ ಮೇಲಿನಿಂದ ಒಳ್ಳೆಯ ಸೀರೆ ಎಳೆದಾಗಿತ್ತು. 'ನಾನೂ ಬತ್ತೆ. ಆ ಕೂಸು ನೋಡ್ಬೇಕು. ನಾ ಹಿಡಿದ ಕೂಸದು.'

ಸಂಜೆಯ ಬಿಸಿಲು ಇನ್ನೂ ಜಗಲಿಯ ಮೇಲಿತ್ತು. ಮಹೇಶ್ವರಪ್ಪನವರು ಪೇಪರು ಓದುತ್ತಿದ್ದರು. ಅಕ್ಕನಾಗಮ್ಮನವರು ಹಣೆಯ ಮೇಲಿನ ವಿಭೂತಿಯಷ್ಟೇ ಬಿಗಿಯಾಗಿ ಕೂತು ಬತ್ತಿ ಹೊಸೆಯುತ್ತಿದ್ದರು. ಹುಚ್ಚಮ್ಮನನ್ನು ಕಂಡು ಅವರ ಕೈ ನಿಂತಿತು. ಆರೋಗ್ಯಮ್ಮ ಮೆಟ್ಟಿಲ ಕೆಳಗೇ ನಿಂತು, ಕುಡಿಯಲು ನೀರು ಕೇಳುವಷ್ಟು ಸಣ್ಣ ದನಿಯಲ್ಲಿ ಶುರುಮಾಡಿ, ನಡುವೆ ಎಲ್ಲೋ ದನಿ ಏರಿ, ಕೊನೆಗೆ ಬೀದಿಗೇ ಕೇಳುವ ಹಾಗೆ ಹೇಳಿ ಮುಗಿಸಿದಳು: ಸೀಸೆ, ಬಟ್ಟೆ, ಮಂಚದ ಕೆಳಗೆ ನೂಕಿದ ಕಾಲು, ಎಲ್ಲ. ಎದುರು ಮನೆಯ ವನಜಮ್ಮ ಬಾಗಿಲಿಗೆ ಬಂದು ನಿಂತದ್ದು ಕಂಡಿತು. ನಿಲ್ಲಲಿ.

'ಐದು ವರ್ಷ!' ಎಂದರು ಅಕ್ಕನಾಗಮ್ಮ. 'ಐದು ವರ್ಷ ನಮ್ಮನೆ ಕಾಫಿ ಕುಡಿದ್ಯಲ್ಲೇ! ಪ್ರತಿ ಸಂಕ್ರಾಂತಿಗೆ ಎಳ್ಳು ಕಳಿಸಿದೆ ನಿಂಗೆ, ನನ್ನ ಮೊಮ್ಮಗಳನ್ನ ಉಳಿಸಿದಾಕಿ ಅಂತ! ನಿಮ್ಮ ದೇವರು ಇದನ್ನೇ ಕಲಿಸಿದ್ನಾ?' ಮಾತಿನಿಂದ 'ರೀ' ಬಿಟ್ಟುಹೋದದ್ದು ಆರೋಗ್ಯಮ್ಮನಿಗೆ ಕೆನ್ನೆಗೆ ಹೊಡೆದ ಹಾಗೆ ತಾಗಿತು. 'ಇಲ್ಲ ಅಮ್ಮಾರೇ. ಇವತ್ತು ಬಂದು ಹೇಳಿದ್ದು ಮಾತ್ರ ಅವನು ಕಲಿಸಿದ್ದು' ಎಂದಳು. ಮಹೇಶ್ವರಪ್ಪನವರು ಪೇಪರು ಮಡಚಿ, ಗಂಟಲು ಸರಿಮಾಡಿಕೊಂಡು, 'ಇದನ್ನ ಮೇಲಿನವರಿಗೆ ಬರೆದು ತಿಳಿಸಬೇಕಾಗ್ತದೆ' ಎಂದರು. ಆರೋಗ್ಯಮ್ಮ ಕಣ್ಣು ಮುಚ್ಚಿದಳು.

'ಏನ್ ಬರೀತೀರಿ?' ಎಂದ ದನಿ ಅಕ್ಕನಾಗಮ್ಮನವರದು. ಅವರು ಈಗ ಗಂಡನ ಕಡೆ ತಿರುಗಿದ್ದರು. 'ಇವಳು ಒಂದು ಮಾತು ಅಂದ್ಲು. ಅದನ್ನ ಊರ ತುಂಬ ಹೊತ್ತು ತಿರುಗಿದಾಕಿ ನಾನು. ನನ್ನ ಮೂರು ಮಕ್ಕಳನ್ನ ಕೈಯಾಗೆ ಹಿಡಿದಾಕಿನ್ನ ಒಂದು ಮಾತು ಕೇಳಲಿಲ್ಲ ನಾನು, ಹೌದೇನು ಅಲ್ಲೇನು ಅಂತ. ಬರಿಯೋದಾದ್ರೆ ನನ್ನ ಹೆಸರು ಮೊದಲು ಬರೀರಿ.' ಮಹೇಶ್ವರಪ್ಪನವರು ಪೇಪರನ್ನು ಮತ್ತೆ ಬಿಚ್ಚಿದರು. ಅಕ್ಕನಾಗಮ್ಮನವರು ಎದ್ದು, ಮೆಟ್ಟಿಲಿಳಿದು ಬಂದರು. ಏನು ಮಾಡಬೇಕೆಂದು ಅವರಿಗೇ ತಿಳಿದಂತಿರಲಿಲ್ಲ. ಹುಚ್ಚಮ್ಮನ ಎದುರು ನಿಂತು ಅವಳ ಸೆರಗನ್ನು, ಸರಿಯಾಗಿಯೇ ಇದ್ದ ಸೆರಗನ್ನು, ಸರಿ ಮಾಡಿದರು. 'ಹುಚ್ಚಮ್ಮ, ಒಳಗ ಬಾ' ಎಂದರು. ಆಮೇಲೆ ಆರೋಗ್ಯಮ್ಮನನ್ನು ನೋಡದೆಯೇ, 'ನೀವೂ ಬರ್ರಿ' ಎಂದರು.

ಸರ್ವಮಂಗಳ ಅಮ್ಮನ ಸೆರಗಿನ ಹಿಂದಿನಿಂದ ಇಣುಕುತ್ತಿತ್ತು. 'ಇದೇನಾ ಹುಚ್ಚಮ್ಮ?' ಎಂದು ತಾಯಿಯನ್ನು ಕೇಳಿತು. ಹೌದೆಂದಾಗ ಹೊರಗೆ ಬಂದು ಮುದುಕಿಯನ್ನು ಮೇಲಿಂದ ಕೆಳಗೆ ನೋಡಿ, ಮೋಸಹೋದವರ ದನಿಯಲ್ಲಿ, 'ಇಷ್ಟು ಸಣ್ಣದಾ?' ಎಂದಿತು. ನೀಲಾಂಬಿಕೆ ಅತ್ತೆಯ ಎದುರಿಗೇ ಗಟ್ಟಿಯಾಗಿ ನಕ್ಕುಬಿಟ್ಟಳು. ಹುಚ್ಚಮ್ಮ ಹುಡುಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಲೆಯ ಮೇಲೆ ಹೆಬ್ಬೆಟ್ಟು ಆಡಿಸಿ, ಕಸಬು ಬಲ್ಲವರು ಮತ್ತೊಬ್ಬರ ಕೆಲಸ ನೋಡುವ ಹಾಗೆ ನೋಡಿ, 'ಚಲೋ ಮಾಗಿದೆ. ಮುಲಾಮು ಹಚ್ಚಿದ್ಯಾರು?' ಎಂದು ಕೇಳಿದಳು. 'ನಾನೇ ಅಜ್ಜೀ, ದಿನಾ ಬಂದು ಹಚ್ತಿದ್ದೆ' ಎಂದಳು ಆರೋಗ್ಯಮ್ಮ. 'ಕೈಗುಣ ಐತೆ ನಿಂಗೆ' ಎಂದಳು ಮುದುಕಿ.

ಸೊರಬದ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಹುಚ್ಚಮ್ಮ ಆರೋಗ್ಯಮ್ಮನ ಒಂದು ಕೋಣೆಯ ಮನೆಯಲ್ಲಿ ಗೋಡೆಗೊರಗಿ ಎಲೆಯಡಿಕೆ ಕುಟ್ಟುತ್ತ ಕೂತಳು. ದೀಪ ಹಚ್ಚುವ ಹೊತ್ತು. ಆರೋಗ್ಯಮ್ಮ ಶಿಲುಬೆಯ ಎದುರು ಮೊಣಕಾಲೂರಿ ತನ್ನ ಐದು ಪರಲೋಕ ಮಂತ್ರ ಶುರುಮಾಡಿದಳು. ಎರಡು ಮುಗಿಯುವಷ್ಟರಲ್ಲಿ ಹಿಂದಿನಿಂದ ಕುಟ್ಟುವ ಸದ್ದು ನಿಂತಿತು. 'ಎಂತ ಕೇಳ್ಕಂತಿದೀಯೆ ಅಷ್ಟೊತ್ತಿಂದ?'

'ಪರಲೋಕದ ನಮ್ಮಪ್ಪಾ, ನಮಗೆ ಕೇಡು ಮಾಡಿದವರನ್ನ ನಾವು ಹೆಂಗೆ ಬಿಟ್ಟುಬಿಡ್ತೀವೋ, ನೀನೂ ನಮ್ಮನ್ನ ಹಂಗೆ ಬಿಟ್ಟುಬಿಡು ಅಂತ, ಅಜ್ಜೀ.'

ಹುಚ್ಚಮ್ಮ ಕುಟ್ಟಿದ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ಆಮೇಲೆ, 'ಹಂಗೆ ಕೇಳ್ಬ್ಯಾಡ ಮಾರಾಯ್ತಿ' ಎಂದಳು. 'ನಾ ನಿನ್ನ ಎರಡು ವರ್ಷ ದಿನಾ ಬೆಳಗಾಗೆದ್ದು ಬೈದಿದ್ದೆ, ನಿನ್ನ ಕೈ ಬತ್ತಿ ಹೋಗ್ಲಿ ಅಂತ. ಹೊಳೆದಡದ ಚೌಡಿಗೆ ಕೋಳಿ ಬ್ಯಾರೆ ಹೇಳ್ಕಂಡಿದ್ದೆ. ಆಮೇಲೆ ಬಿಟ್ಟೆ, ಬ್ಯಾಸರ ಬಂತು. ನಿಮ್ಮಪ್ಪ ನನ್ನ ನೋಡಿ ಕಲ್ತರೆ ನಿಂಗೆ ಕಷ್ಟ. ನಂಗಿಂತ ಬೇಗ ಬಿಡು ಅಂತ ಕೇಳ್ಕ.'

ಆರೋಗ್ಯಮ್ಮ ತಿರುಗಿ ನೋಡಿದಳು. ಮುದುಕಿಯ ಮುಖದಲ್ಲಿ ನಗೆಯಿರಲಿಲ್ಲ. ಬಚ್ಚಿಟ್ಟದ್ದನ್ನು ಹೇಳಿಬಿಟ್ಟವರ ಮುಖದ ಒಂದು ನಾಚಿಕೆ ಇತ್ತು. ಆ ನಾಚಿಕೆ ಆರೋಗ್ಯಮ್ಮನಿಗೆ ಚೆನ್ನಾಗಿ ಗೊತ್ತಿದ್ದದ್ದು, ಇವತ್ತು ಬೆಳಿಗ್ಗೆಯವರೆಗೂ ತನ್ನೊಬ್ಬಳದೇ ಎಂದುಕೊಂಡಿದ್ದದ್ದು. ಅವಳಿಗೆ ನಗು ಉಕ್ಕಿತು. ತಡೆಯಲು ಶಿಲುಬೆಯ ಕಡೆ ತಿರುಗಿದಳು, ಇನ್ನೂ ಜಾಸ್ತಿಯಾಯಿತು. 'ಕೋಳಿ ಕೊಟ್ರಾ ಅಜ್ಜೀ?' ಎಂದು ನಗುತ್ತಲೇ ಕೇಳಿದಳು. 'ಇಲ್ಲೆ' ಎಂದಳು ಹುಚ್ಚಮ್ಮ, 'ಕೊಡೋ ಹೊತ್ತಿಗೆ ಅದು ಮೊಟ್ಟೆ ಇಡಾಕೆ ಹತ್ತಿತ್ತು.' ಈಗ ಅವಳೂ ನಕ್ಕಳು, ನಾಲ್ಕೇ ಹಲ್ಲಿನ ಬಾಯಿ ತೆರೆದು. ಎಷ್ಟು ಮಂತ್ರವಾಗಿತ್ತೆಂಬುದು ಆರೋಗ್ಯಮ್ಮನಿಗೆ ಮರೆತೇಹೋಯಿತು. ಕಣ್ಣೊರೆಸಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮೊದಲಿನಿಂದ ಶುರುಮಾಡಿದಳು. ಈ ಸಲ ಇಬ್ಬರಿಗೂ ಸೇರಿಸಿ.